ಇನ್ನೆಷ್ಟು ದಿನ ಈ ಗಾಡಿ?

“ಗಾಡಿ ಇನ್ನೂ ಐತೇನ್ರಿ ಸರ? ಇನ್ನೆಷ್ಟು ದಿನ ಇಟ್ಕೋತೀರಿ?”

ದಾಂಡೇಲಿಯ ಪೇಟೆಯಲ್ಲಿ ನನ್ನನ್ನು ಕಂಡವರು ಕ್ಷೇಮಸಮಾಚಾರಕ್ಕಿಂತ ಮೊದಲು ಈಗ ಕೇಳುವುದು ಇದನ್ನೇ. ಕಿರಾಣಿ ಅಂಗಡಿಯವರು ಕೇಳುತ್ತಾರೆ. ಕಾಗದದ ಕಾರಖಾನೆಯಿಂದ ನಿವೃತ್ತರಾದ ನೆರೆಯವರು ಕೇಳುತ್ತಾರೆ. ನಾನು ಕಲಿಸಿದ ಹಳಗನ್ನಡವನ್ನೆಲ್ಲ ಮರೆತ ಹಳೆಯ ವಿದ್ಯಾರ್ಥಿಗಳೂ ಗಾಡಿಯನ್ನು ಮಾತ್ರ ಮರೆಯದೆ ಕೇಳುತ್ತಾರೆ. ಕೇಳುವ ಹಕ್ಕು ಅವರಿಗುಂಟು. ಕನ್ನಡದ ಅಧ್ಯಾಪಕನೊಬ್ಬ, ಇಬ್ಬರೇ ಕೂಡಬಲ್ಲ, ಮೇಲಿನ ಹೊದಿಕೆಯನ್ನು ಮಡಚಿ ಹಿಂದಕ್ಕೆ ಸರಿಸಬಲ್ಲ ಕೆಂಪು ಸ್ಪೋರ್ಟ್ಸ್ ಕಾರೊಂದನ್ನು ಇಟ್ಟುಕೊಂಡಿದ್ದರೆ ಸಣ್ಣ ಊರಿನಲ್ಲಿ ಅದು ಸಾರ್ವಜನಿಕ ವಿಷಯವೇ ಆಗಿಬಿಡುತ್ತದೆ. ಈ ವರ್ಷ ಅದರ ನೋಂದಣಿಯ ಅವಧಿ ಮುಗಿಯುತ್ತಿರುವುದರಿಂದ ಪ್ರಶ್ನೆ ನನಗೂ ತಪ್ಪಿದ್ದಲ್ಲ. ಹಣ ಕಟ್ಟಿ ಇನ್ನೈದು ವರ್ಷ ಇಟ್ಟುಕೊಳ್ಳಬೇಕೆ, ಕೊಟ್ಟುಬಿಡಬೇಕೆ?

ಉತ್ತರ ಹೇಳಲು ಮೂರು ಪಂಗಡದವರು ಸಿದ್ಧರಾಗಿದ್ದಾರೆ. ಲೆಕ್ಕದವರು ಒಂದು, ಕಾಯಿದೆಯವರು ಇನ್ನೊಂದು, ಭಕ್ತರು ಮತ್ತೊಂದು. ಮೂವರೂ ತಪ್ಪುತ್ತಿದ್ದಾರೆಂದು ನನ್ನ ವಾದ. ಅದರಲ್ಲಿಯೂ ಹೆಚ್ಚು ಹಾನಿ ಮಾಡುತ್ತಿರುವವರು ಭಕ್ತರು. ವಾದಕ್ಕೆ ತೊಡಗುವ ಮೊದಲು ಗಾಡಿಯ ಪರಿಚಯವಾಗಬೇಕು.

ಅದರ ಹೆಸರು ಸ್ಯಾನ್ ಸ್ಟಾರ್ಮ್. ಬೆಂಗಳೂರಿನ ಸ್ಯಾನ್ ಮೋಟಾರ್ಸ್ ಎಂಬ ಸಂಸ್ಥೆ 1998ರಲ್ಲಿ ಅದನ್ನು ಹೊರತಂದಿತು. ತಯಾರಾಗುತ್ತಿದ್ದುದು ನಮ್ಮ ಘಟ್ಟದ ಕೆಳಗಿನ ಗೋವೆಯಲ್ಲಿ. ಮೈ ಫೈಬರಿನದು. ಎಂಜಿನ್ನು ಫ್ರಾನ್ಸಿನ ರೆನೊ ಕಂಪನಿಯ 1149 ಸಿ.ಸಿ. ಪೆಟ್ರೋಲ್ ಎಂಜಿನ್ನು; ಶಕ್ತಿ ಸುಮಾರು 60 ಅಶ್ವಶಕ್ತಿ. ಇಂದು ಮಧ್ಯಮವರ್ಗದ ಮನೆಯ ಮುಂದೆ ನಿಂತ ಎಷ್ಟೋ ಸಾಧಾರಣ ಕಾರುಗಳು ಇದನ್ನು ಸುಲಭವಾಗಿ ಹಿಂದೆ ಹಾಕುತ್ತವೆ. ಆದರೂ ಹಗುರಾದ ಮೈ, ನೆಲಕ್ಕೆ ತಗ್ಗಿದ ಕುಳಿತ, ತಲೆಯ ಮೇಲೆ ತೆರೆದ ಆಕಾಶ, ಇವುಗಳಿಂದ ನಲವತ್ತು ಮೈಲಿಯ ವೇಗವೂ ಎಪ್ಪತ್ತರಂತೆ ತೋರುತ್ತದೆ. ಕಡಿಮೆ ವೇಗದಲ್ಲಿ ಹೆಚ್ಚು ಸುಖ ಕೊಡುವ ವಾಹನ ಕೆಟ್ಟ ವಾಹನವಲ್ಲವೆಂದು ನಾನು ತಿಳಿದಿದ್ದೇನೆ. ನನ್ನ ಗಾಡಿ 2001ರಲ್ಲಿ ಗೋವೆಯಲ್ಲಿ ನೋಂದಣಿಯಾದದ್ದು. 2012ರಲ್ಲಿ, ಒಂದು ಲಕ್ಷದ ಅರವತ್ತು ಸಾವಿರ ರೂಪಾಯಿ ಕೊಟ್ಟು ಕೊಂಡು, ಅನಮೋಡ ಘಟ್ಟ ಏರಿಸಿ, ರಾಮನಗರ, ಜಗಲಬೇಟಗಳನ್ನು ಹಾದು ದಾಂಡೇಲಿಗೆ ತಂದೆ. ಆ ರಾತ್ರಿ ನನ್ನ ಹೆಂಡತಿ ಬಾಗಿಲಲ್ಲಿ ನಿಂತು ಎರಡೇ ಸೀಟುಗಳನ್ನು ನೋಡಿ, ಕಂಕುಳಲ್ಲಿದ್ದ ಮಗಳನ್ನು ನೋಡಿ, “ಇವಳನ್ನೆಲ್ಲಿ ಕೂಡಸ್ತೀರಿ?” ಎಂದಳು. ಆ ಪ್ರಶ್ನೆಗೆ ಉತ್ತರವಾಗಿ ಮರುವರ್ಷ ಸಾಲ ಮಾಡಿ ಇನ್ನೊಂದು ಸಣ್ಣ ಕಾರು ಕೊಳ್ಳಬೇಕಾಯಿತು.

ಇನ್ನು ಲೆಕ್ಕದವರ ಮಾತು. ನಮ್ಮ ಅಧ್ಯಾಪಕರ ಕೋಣೆಯಲ್ಲಿ ವಾಣಿಜ್ಯ ವಿಭಾಗದ ಮಿತ್ರರೊಬ್ಬರು ಇದ್ದಾರೆ. ವರ್ಷದ ರಿಪೇರಿಯ ಖರ್ಚು ಗಾಡಿಯ ಬೆಲೆಯ ಇಂತಿಷ್ಟು ಪಾಲನ್ನು ಮೀರಿತೆಂದರೆ ಅದನ್ನು ಮಾರಬೇಕೆಂದು ಅವರ ಸಿದ್ಧಾಂತ. ನಾನು ವಹಿ ಇಟ್ಟಿದ್ದೇನೆ. ವಿಮೆ, ಟೈರು, ಬಿಡಿಭಾಗ ಎಲ್ಲ ಸೇರಿ ವರ್ಷಕ್ಕೆ ಇಪ್ಪತ್ತೈದು ಸಾವಿರದಿಂದ ಮೂವತ್ತು ಸಾವಿರ ಹೋಗುತ್ತದೆ. ಅವರ ಸೂತ್ರದಂತೆ ಈ ಗಾಡಿಯನ್ನು ನಾನು ಕೊಂಡ ಎರಡನೆಯ ವರ್ಷವೇ ಮಾರಬೇಕಾಗಿತ್ತು. ಆದರೆ ಅದೇ ಸೂತ್ರವನ್ನು ನಮ್ಮ ಮನೆಯ ಹಾರ್ಮೋನಿಯಮ್ಮಿಗೆ ಹಚ್ಚಿದರೆ ಅದೂ ಉಳಿಯುವುದಿಲ್ಲ. ಅವರ ಮನೆಯ ನಾಯಿಗೆ ಹಚ್ಚಿದರೆ ನಾಯಿಯೂ ಉಳಿಯುವುದಿಲ್ಲ. ಸಂತೋಷಕ್ಕಾಗಿ ಮಾಡುವ ವೆಚ್ಚಕ್ಕೆ ವ್ಯಾಪಾರದ ಅಳತೆಗೋಲು ಹಿಡಿಯುವುದು ತಪ್ಪು. ಅದಕ್ಕೆ ಹಿಡಿಯಬೇಕಾದ ಅಳತೆ ಬೇರೆ: ಈ ಹಣ ಮನೆಯವರ ಯಾವುದಾದರೂ ಅವಶ್ಯಕತೆಯ ಬಾಯಿಂದ ಕಿತ್ತದ್ದೇ, ಅಲ್ಲವೇ? ಬರುವ ವರ್ಷ ನನ್ನ ಮಗಳು ಹುಬ್ಬಳ್ಳಿಗೋ ಧಾರವಾಡಕ್ಕೋ ಓದಲು ಹೋಗುತ್ತಾಳೆ. ಅವಳ ಹಾಸ್ಟೆಲಿನ ಹಣಕ್ಕೂ ಗಾಡಿಯ ಟೈರಿಗೂ ಜಗಳ ಬಿದ್ದ ದಿನ ಟೈರು ಸೋಲಬೇಕು. ಅಷ್ಟರ ಮಟ್ಟಿಗೆ ಲೆಕ್ಕದವರ ಮಾತನ್ನು ಒಪ್ಪುತ್ತೇನೆ. ಅದರಾಚೆ ಅವರ ಕೋಷ್ಟಕಕ್ಕೆ ಅಧಿಕಾರವಿಲ್ಲ.

ಎರಡನೆಯವರು ಕಾಯಿದೆಯವರು. 1988ರ ಮೋಟಾರು ವಾಹನ ಕಾಯಿದೆಯಂತೆ ಸ್ವಂತ ಬಳಕೆಯ ಕಾರಿನ ನೋಂದಣಿ ಹದಿನೈದು ವರ್ಷಗಳದು. ಬಳಿಕ ತಪಾಸಣೆಗೆ ಒಡ್ಡಿ ಐದೈದು ವರ್ಷಕ್ಕೊಮ್ಮೆ ನವೀಕರಿಸಬಹುದು. ಈ ಏರ್ಪಾಡಿನಲ್ಲಿ ವಿವೇಕವಿದೆ. ಗಾಡಿಯನ್ನು ಕಣ್ಣಿನಿಂದ ನೋಡಿ, ಬ್ರೇಕು ಹಿಡಿಯುತ್ತದೆಯೇ, ಹೊಗೆ ಮಿತಿಯಲ್ಲಿದೆಯೇ, ದೀಪ ಉರಿಯುತ್ತದೆಯೇ ಎಂದು ಪರೀಕ್ಷಿಸಿ ತೀರ್ಪು ಕೊಡುವುದು ನ್ಯಾಯ. ನಮ್ಮ ಕಡೆ ಇದಕ್ಕೆ ‘ಪಾಸಿಂಗ್’ ಎನ್ನುತ್ತಾರೆ. ನಾನು ಪರೀಕ್ಷೆ ನಡೆಸುವ ವೃತ್ತಿಯವನಾದ್ದರಿಂದ ಪಾಸಿಂಗಿಗೆ ಹೆದರಲಾರೆ. ನನ್ನ ತಕರಾರು ಇರುವುದು ಪರೀಕ್ಷೆಯನ್ನೇ ನಡೆಸದೆ ಹುಟ್ಟಿದ ತಾರೀಖು ನೋಡಿ ನಪಾಸು ಮಾಡುವ ಪ್ರವೃತ್ತಿಯ ಮೇಲೆ. ದಿಲ್ಲಿಯಲ್ಲಿ ಹತ್ತು ವರ್ಷ ಮೀರಿದ ಡೀಸೆಲ್ ಗಾಡಿಯೂ ಹದಿನೈದು ಮೀರಿದ ಪೆಟ್ರೋಲ್ ಗಾಡಿಯೂ ಓಡಬಾರದೆಂಬ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟು ಎತ್ತಿ ಹಿಡಿಯಿತು. 2025ರ ಜುಲೈ 1ರಿಂದ ಅಂಥ ವಾಹನಗಳಿಗೆ ಬಂಕಿನಲ್ಲಿ ಇಂಧನವನ್ನೇ ಹಾಕಬಾರದೆಂದು ಹೊರಟರು. ಜನರ ಗದ್ದಲಕ್ಕೆ ಕೆಲವೇ ದಿನಗಳಲ್ಲಿ ಹಿಂದೆ ಸರಿದರು. ದಿಲ್ಲಿಯ ಗಾಳಿ ಕೆಟ್ಟಿರುವುದು ನಿಜ, ಹಳೆಯ ಎಂಜಿನ್ನು ಹೊಸದಕ್ಕಿಂತ ಹೆಚ್ಚು ಹೊಲಸು ಉಗುಳುವುದೂ ನಿಜ. ಆದರೆ ವರ್ಷಕ್ಕೆ ಎರಡು ಸಾವಿರ ಕಿಲೋಮೀಟರು ಓಡುವ ಗಾಡಿಯನ್ನೂ ಎಪ್ಪತ್ತು ಸಾವಿರ ಓಡುವ ಗಾಡಿಯನ್ನೂ ಒಂದೇ ತಾರೀಖಿನಿಂದ ಅಳೆಯುವವರು ಹೊಗೆಯನ್ನು ಅಳೆಯುತ್ತಿಲ್ಲ.

ಇದಕ್ಕಿಂತ ವಿಚಿತ್ರವಾದುದು ಇನ್ನೊಂದು ನಿಯಮ. 2021ರಲ್ಲಿ ಕೇಂದ್ರ ಸರಕಾರ ಐವತ್ತು ವರ್ಷ ದಾಟಿದ ವಾಹನಗಳಿಗೆ ‘ವಿಂಟೇಜ್’ ಎಂಬ ಗೌರವ ಕೊಟ್ಟಿತು. ಹೊಸ ನೋಂದಣಿಗೆ 20,000 ರೂಪಾಯಿ, ಅವಧಿ ಹತ್ತು ವರ್ಷ, ನವೀಕರಣಕ್ಕೆ 5,000 ರೂಪಾಯಿ. ಪ್ರದರ್ಶನ, ರ‍್ಯಾಲಿ, ರಿಪೇರಿ ಮುಂತಾದ ಕಾರಣಗಳ ಹೊರತು ರಸ್ತೆಗೆ ತರುವಂತಿಲ್ಲ. ಒಳ್ಳೆಯದೇ. ಆದರೆ ಹದಿನೈದಕ್ಕೂ ಐವತ್ತಕ್ಕೂ ನಡುವಿನ ಮೂವತ್ತೈದು ವರ್ಷ ಗಾಡಿ ಏನಾಗಿರಬೇಕು? ಹದಿನೈದರವರೆಗೆ ಅದು ವಾಹನ, ಐವತ್ತರ ಮೇಲೆ ಪರಂಪರೆ. ನಡುವೆ ಮಾತ್ರ ಪೀಡೆ. ಶುಲ್ಕದ ಪಟ್ಟಿ ನೋಡಿದರೂ ಇದೇ ಧೋರಣೆ. ಹದಿನೈದು ಮೀರಿದ ಕಾರಿನ ನವೀಕರಣಕ್ಕೆ 600 ರೂಪಾಯಿ ಇದ್ದದ್ದು 2022ರ ಏಪ್ರಿಲಿನಿಂದ 5,000 ಆಯಿತು. 2025ರ ಆಗಸ್ಟಿನಲ್ಲಿ ಇಪ್ಪತ್ತು ವರ್ಷ ಮೀರಿದವಕ್ಕೆ 10,000 ಎಂದರು. ಯಾವ ಗಾಡಿಯೂ ಒಮ್ಮೆಲೇ ಐವತ್ತು ವರ್ಷದ್ದಾಗಿ ಹುಟ್ಟುವುದಿಲ್ಲ. ಇಪ್ಪತ್ತೈದರ ಗಾಡಿಯನ್ನು ಗುಜರಿಗೆ ಅಟ್ಟಿದ ದೇಶ ಐವತ್ತರ ಗಾಡಿಯನ್ನು ಎಲ್ಲಿಂದ ತರುತ್ತದೆ?

ಹಾಗೆಂದು ಕಾಲಮಾನಕ್ಕೆ ಬೆಲೆಯೇ ಇಲ್ಲವೆಂದು ನಾನು ಹೇಳುತ್ತಿಲ್ಲ. ರಬ್ಬರಿಗೆ ತಾರೀಖು ಗೊತ್ತು. ಈ ಎಂಜಿನ್ನಿನ ಟೈಮಿಂಗ್ ಬೆಲ್ಟು ಓಡಿದರೂ ನಿಂತರೂ ವರ್ಷಗಳಿಂದಲೇ ಮುಪ್ಪಾಗುತ್ತದೆ. ಟೈರಿನ ಪಕ್ಕದಲ್ಲಿ ಅದು ತಯಾರಾದ ವಾರ ಮತ್ತು ವರ್ಷವನ್ನು ನಾಲ್ಕು ಅಂಕಿಗಳಲ್ಲಿ ಒತ್ತಿರುತ್ತಾರೆ. ಮೇಲ್ಮೈ ಹೊಸದರಂತೆ ಕಂಡರೂ ಆ ಅಂಕಿ ಹಳೆಯದಾಗಿದ್ದರೆ ನಂಬಬಾರದು. ಬ್ರೇಕಿನ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಜೋಯಿಡಾದ ಮಳೆಗಾಲದಲ್ಲಿ ಗೋಡೆಯೇ ಬೆವರುವಾಗ ಅದರ ಗತಿ ಹೇಳಬೇಕಾಗಿಲ್ಲ. ಈಗ ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತರಷ್ಟು ಎಥೆನಾಲ್ ಬೆರೆಸುತ್ತಾರೆ. ಅದೂ ನೀರು ಹೀರುವ ವಸ್ತು, ಹಳೆಯ ಗಾಡಿಗಳ ರಬ್ಬರಿಗೆ ಒಗ್ಗದ ವಸ್ತು. ಹಳಿಯಾಳದ ಸುತ್ತ ಕಬ್ಬು ಬೆಳೆಯುವ ಗೆಳೆಯರಿಗೆ ಎಥೆನಾಲಿನಿಂದ ನಾಲ್ಕು ಕಾಸು ಬಂದರೆ ನಾನು ಗೊಣಗುವುದಿಲ್ಲ, ಪೈಪುಗಳನ್ನು ಬದಲಿಸಿಕೊಂಡೆ. ಹೀಗೆ ಗಾಡಿಯ ಒಂದೊಂದು ಅಂಗಕ್ಕೂ ಅದರದೇ ಆಯುಷ್ಯವಿದೆ. ಇಡಿಯ ಗಾಡಿಗೆ ಒಂದೇ ಆಯುಷ್ಯ ಗೊತ್ತುಮಾಡುವುದು ಮಾತ್ರ ಅವಿಚಾರ.

ಇನ್ನು ಮೂರನೆಯವರು, ಭಕ್ತರು. ಇವರ ಮೇಲೆಯೇ ನನ್ನ ಮುಖ್ಯವಾದ ದೂರು.

ಮುಂಡಗೋಡಿನಲ್ಲಿ ಟಿಬೆಟನ್ ಕಾಲನಿಗೆ ಹೋಗುವ ದಾರಿಯ ಸಮೀಪ ಹಿರಿಯರೊಬ್ಬರ ಮನೆಯಿದೆ. ಅವರ ಹಿತ್ತಲಿನ ತಗಡಿನ ಮಾಡಿನ ಕೆಳಗೆ ಒಂದು ‘ಡಾಲ್ಫಿನ್’ ಇತ್ತು. ಈ ಹೆಸರು ಕಿರಿಯರಿಗೆ ತಿಳಿದಿರಲಾರದು. 1982ರಲ್ಲಿ ಬೆಂಗಳೂರಿನ ಸಿಪಾನಿ ಸಂಸ್ಥೆ ಇಂಗ್ಲಂಡಿನ ರಿಲಯಂಟ್ ಕಿಟನ್ ಎಂಬ ಕಾರಿನ ಮಾದರಿಯಲ್ಲಿ ಹೊರತಂದ ಎರಡು ಬಾಗಿಲಿನ ಸಣ್ಣ ಕಾರು ಅದು, 848 ಸಿ.ಸಿ. ಎಂಜಿನ್ನು, ಫೈಬರಿನ ಮೈ. ಹಗುರವಾಗಿದ್ದುದರಿಂದ ರ‍್ಯಾಲಿ ಓಡಿಸುವವರಿಗೆ ಅದು ಅಚ್ಚುಮೆಚ್ಚಾಗಿತ್ತು. ಈ ಹಿರಿಯರ ತಮ್ಮನಿಗೆ ಅದು ಪ್ರಾಣ. ತಮ್ಮ ತೀರಿಕೊಂಡ ಮೇಲೆ ಅಣ್ಣ ಅದನ್ನು ನಿಲ್ಲಿಸಿ ತಾಡಪತ್ರಿ ಹೊದಿಸಿದರು. 2014ರಲ್ಲಿ ನಾನು ಹೋಗಿ ಕೇಳಿದೆ. ನನಗಾಗಿ ಅಲ್ಲ, ಹಳಿಯಾಳದಲ್ಲಿ ನನ್ನ ಗಾಡಿಯನ್ನು ನೋಡಿಕೊಳ್ಳುವ ಮಿಸ್ತ್ರಿ ಅದನ್ನು ಮತ್ತೆ ಎಬ್ಬಿಸಿ ಓಡಿಸುತ್ತೇನೆಂದಿದ್ದ. “ಅದು ಅವನ ನೆನಪು, ಕೊಡಂಗಿಲ್ಲ ತಮ್ಮಾ” ಎಂದರು. ಎರಡು ವರ್ಷ ಬಿಟ್ಟು ಮತ್ತೆ ಕೇಳಿದೆ. ಕಣ್ಣಲ್ಲಿ ನೀರು ತಂದುಕೊಂಡರು. ನಾನು ಸುಮ್ಮನಾದೆ. ಆರೇಳು ವರ್ಷಗಳ ಬಳಿಕ ಅವರೇ ಹೇಳಿಕಳಿಸಿದರು. ಹೋಗಿ ತಾಡಪತ್ರಿ ಸರಿಸಿದೆವು. ಫೈಬರಿನ ಮೈಗೆ ತುಕ್ಕು ಹಿಡಿಯುವುದಿಲ್ಲವಾದ್ದರಿಂದ ಮೇಲೆ ನೋಡಿದರೆ ಗಾಡಿ ನಿನ್ನೆ ನಿಲ್ಲಿಸಿದಂತಿತ್ತು. ಬಾಗಿಲು ತೆಗೆದರೆ ಇಲಿಗಳು ವಾಯರುಗಳನ್ನೆಲ್ಲ ತಿಂದು ಸೀಟಿನೊಳಗೆ ಮರಿ ಹಾಕಿದ್ದವು. ಪೆಟ್ರೋಲಿನ ಟಾಕಿ ಬೆರಳು ಒತ್ತಿದರೆ ತೂತಾಗುತ್ತಿತ್ತು. ಎಂಜಿನ್ನು ತಿರುಗಲೊಲ್ಲದು. ಮಿಸ್ತ್ರಿ ಅರ್ಧ ಗಂಟೆ ಅದರ ಸುತ್ತ ತಿರುಗಿ, ಕೈ ಒರೆಸಿಕೊಂಡು, “ಇದಕ್ಕ ಏನೂ ಆಗಂಗಿಲ್ರಿ” ಎಂದ. ಅದು ಗುಜರಿಗೆ ಹೋಯಿತು.

ಆ ಹಿರಿಯರನ್ನು ನಾನು ಹಳಿಯುತ್ತಿಲ್ಲ. ಅವರ ದುಃಖ ದೊಡ್ಡದು. ಆದರೆ ಹೇಳಬೇಕಾದ ಮಾತನ್ನು ಹೇಳಲೇಬೇಕು. ಆ ಗಾಡಿಯನ್ನು ಕೊಂದದ್ದು ಕಾಯಿದೆಯೂ ಅಲ್ಲ, ಬಿಡಿಭಾಗದ ಅಭಾವವೂ ಅಲ್ಲ. “ಕೊಡುವುದಿಲ್ಲ” ಎಂಬ ಪ್ರೀತಿ ಕೊಂದಿತು. ನಮ್ಮ ಜಿಲ್ಲೆಯಲ್ಲಿಯೇ ಎಷ್ಟು ಹಿತ್ತಲುಗಳಲ್ಲಿ ಎಷ್ಟು ತಾಡಪತ್ರಿಗಳ ಕೆಳಗೆ ಹೀಗೆ ಜೀಪುಗಳೂ ಫಿಯಟ್ಟುಗಳೂ ಬುಲೆಟ್ಟುಗಳೂ ಮಣ್ಣಾಗುತ್ತಿವೆ! ಒಡೆಯನನ್ನು ಕೇಳಿದರೆ “ಮಾರಿಲ್ಲ” ಎಂದು ಎದೆ ತಟ್ಟಿಕೊಂಡು ಹೇಳುತ್ತಾನೆ. ಮಾರದಿರುವುದು ಮತ್ತು ಇಟ್ಟುಕೊಂಡಿರುವುದು ಎರಡೂ ಒಂದೇ ಎಂದು ಅವನು ತಿಳಿದಿದ್ದಾನೆ. ಇದೇ ಪಂಗಡದ ಶ್ರೀಮಂತ ಶಾಖೆಯೊಂದಿದೆ. ಕಳೆದ ಚಳಿಗಾಲದಲ್ಲಿ ಬೆಂಗಳೂರಿನಿಂದ ಕಾಳಿನದಿಯ ದಂಡೆಗೆ ವಿಹಾರಕ್ಕೆ ಬಂದ ಸಂಗ್ರಾಹಕರೊಬ್ಬರು ನನ್ನ ಗಾಡಿ ನೋಡಿ ಮೂರು ಲಕ್ಷ ಕೊಡುತ್ತೇನೆಂದರು. ಓಡಿಸುತ್ತೀರಾ ಎಂದು ಕೇಳಿದೆ. “ಛೇ, ಓಡಿಸಿದರೆ ಬೆಲೆ ಇಳಿಯುತ್ತದೆ” ಎಂದರು. ಅವರದು ತಾಡಪತ್ರಿಯ ಬದಲು ಹವಾನಿಯಂತ್ರಣ. ಇಲಿಯೊಂದು ಇಲ್ಲವೆಂಬುದನ್ನು ಬಿಟ್ಟರೆ ಹೆಚ್ಚಿನ ವ್ಯತ್ಯಾಸವಿಲ್ಲ.

ಪರರ ಮೇಲೆ ದೂರು ಹೇಳಿದ ಮೇಲೆ ನನ್ನ ತಪ್ಪನ್ನೂ ಒಪ್ಪಿಕೊಳ್ಳಬೇಕು. 2020ರ ಮಾರ್ಚಿನಲ್ಲಿ ಎಲ್ಲ ಬಾಗಿಲುಗಳೂ ಮುಚ್ಚಿದಾಗ ನಾನೂ ಗಾಡಿಗೆ ತಾಡಪತ್ರಿ ಹೊದಿಸಿದೆ. ಬಾಗಿಲುಗಳು ತೆರೆದ ಮೇಲೂ ತೆಗೆಯಲಿಲ್ಲ. ಮೊದಲು ಮಳೆ ಎಂದೆ, ಆಮೇಲೆ ಪರೀಕ್ಷೆ ಎಂದೆ, ಆಮೇಲೆ ಮತ್ತೆ ಸೋಂಕು ಎಂದೆ. ಹದಿನಾಲ್ಕು ತಿಂಗಳು ಕಳೆಯಿತು. ಆ ಅವಧಿಯಲ್ಲಿ ಆನ್‌ಲೈನ್ ಪಾಠದ ನಡುವೆ ವಿದ್ಯಾರ್ಥಿಗಳಿಗೆ ಆ ಗಾಡಿಯ ಕತೆಯನ್ನು ಎಷ್ಟು ಅಭಿಮಾನದಿಂದ ಹೇಳಿದೆನೆಂದರೆ ಈಗ ನಾಚಿಕೆಯಾಗುತ್ತದೆ. ತೆಗೆದು ನೋಡಿದಾಗ ಬ್ರೇಕುಗಳು ಕಚ್ಚಿಕೊಂಡಿದ್ದವು, ಕ್ಲಚ್ಚು ಅಂಟಿಕೊಂಡಿತ್ತು, ಮೇಲಿನ ಬಟ್ಟೆಯ ಹೊದಿಕೆಗೆ ಬೂಸ್ಟು ಹಿಡಿದು ಮಡಿಕೆಯ ಗುಂಟ ಸೀಳಿತ್ತು. ರಿಪೇರಿಗೆ ಮೂವತ್ತೆಂಟು ಸಾವಿರ ಹೋಯಿತು. ಆ ಗಾಡಿ ಓಡಿ ಸವೆದ ಯಾವ ವರ್ಷವೂ ಅಷ್ಟು ಕೇಳಿರಲಿಲ್ಲ. ಆ ಸಂಜೆ ನನ್ನ ಹೆಂಡತಿ ಹೇಳಿದ್ದು: “ಮಾರ್ರಿ ಅಂತ ನಾ ಯಾವತ್ತೂ ಅಂದಿಲ್ಲ. ಆದ್ರ ಹೊರಗ ತಗೀರಿ, ಇಲ್ಲಂದ್ರ ತಗಿಯೋರಿಗೆ ಕೊಡ್ರಿ.” ಈ ಇಡೀ ಲೇಖನದ ಸಾರ ಆ ಮಾತಿನಲ್ಲಿದೆ, ಉಳಿದದ್ದು ಅಧ್ಯಾಪಕನ ವಿಸ್ತಾರ.

ಹೊರಗೆ ತೆಗೆದದ್ದೇ ಉಳಿಯುತ್ತದೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ದೊಡ್ಡ ನಿದರ್ಶನವಿದೆ. 1961ರಲ್ಲಿ ಮೈಸೂರಿನಲ್ಲಿ ಜಾವಾ ಮೋಟಾರುಸೈಕಲ್ಲಿನ ಕಾರಖಾನೆ ತೆರೆಯಿತು. ಅದೇ ಮುಂದೆ ಯೆಜ್ಡಿ ಆಯಿತು. 1996ರಲ್ಲಿ ಕಾರಖಾನೆ ಮುಚ್ಚಿತು. ಮುಚ್ಚಿದ ಕಾರಖಾನೆಯ ಗಾಡಿ ಹತ್ತು ವರ್ಷದಲ್ಲಿ ಕಣ್ಮರೆಯಾಗಬೇಕಾಗಿತ್ತು. ಆಗಲಿಲ್ಲ. ಹಾಲು ಹಾಕುವವರು, ಹೊಲಕ್ಕೆ ಹೋಗುವವರು, ಕಾಲೇಜು ಹುಡುಗರು ಅದನ್ನು ಓಡಿಸುತ್ತಲೇ ಇದ್ದರು. ಓಡುವ ಗಾಡಿ ಕೆಡುತ್ತದೆ. ಕೆಡುವ ಗಾಡಿಗೆ ಮಿಸ್ತ್ರಿ ಬೇಕು. ಮಿಸ್ತ್ರಿಗೆ ಬಿಡಿಭಾಗ ಬೇಕು. ಬಿಡಿಭಾಗಕ್ಕೆ ಗಿರಾಕಿಯಿದ್ದರೆ ಮಾಡುವವನು ಹುಟ್ಟುತ್ತಾನೆ. ಈ ಸರಪಳಿ ಕಡಿಯದೆ ಉಳಿದದ್ದರಿಂದ ಹೆಸರೂ ಉಳಿಯಿತು. ಆ ಹೆಸರಿನ ಬಲದಿಂದಲೇ ಬೇರೆ ಸಂಸ್ಥೆಯೊಂದು 2018ರಲ್ಲಿ ಜಾವಾವನ್ನೂ 2022ರಲ್ಲಿ ಯೆಜ್ಡಿಯನ್ನೂ ಮತ್ತೆ ಪೇಟೆಗೆ ತಂದಿತು. ಎಲ್ಲ ಒಡೆಯರೂ ಪ್ರೀತಿಯಿಂದ ತಾಡಪತ್ರಿ ಹೊದಿಸಿದ್ದರೆ ಮಿಸ್ತ್ರಿಗಳು ಆ ವಿದ್ಯೆಯನ್ನೇ ಮರೆಯುತ್ತಿದ್ದರು.

ನನ್ನ ಸ್ಟಾರ್ಮಿಗೆ ಯೆಜ್ಡಿಯ ಭಾಗ್ಯವಿಲ್ಲ. ಅದರ ತಯಾರಿಕೆ ನಿಂತಿದೆ. ಇರುವ ಗಾಡಿಗಳೂ ಕಡಿಮೆ. ಹೀಗಿರುವುದರಿಂದಲೇ ಹಳಿಯಾಳದ ಆ ಮಿಸ್ತ್ರಿಯೂ ಅವನ ಹತ್ತಿರ ಕಲಿಯುತ್ತಿರುವ ಅವನ ತಂಗಿಯ ಮಗನೂ ನನಗೆ ಮುಖ್ಯರು. ಆ ಹುಡುಗನಿಗೆ ಇಪ್ಪತ್ತೆರಡು ವರ್ಷ. ಗಾಡಿಗಿಂತ ಕಿರಿಯ. ಅದರ ಕೆಳಗೆ ಮಲಗಿಕೊಂಡೇ ಅರ್ಧ ವಿದ್ಯೆ ಕಲಿತಿದ್ದಾನೆ. ಅವನಿಗೆ ಗಾಡಿಯ ಮೇಲಿರುವ ಕಣ್ಣು ನನಗೆ ಗೊತ್ತು. ನನಗೆ ಗೊತ್ತೆಂಬುದು ಅವನಿಗೂ ಗೊತ್ತು.

ಹಾಗಾದರೆ ಎಷ್ಟು ದಿನ ಇಟ್ಟುಕೊಳ್ಳಬೇಕು? ನನ್ನ ನಿರ್ಣಯ ಹೀಗಿದೆ. ಹತ್ತು ಸಾವಿರ ಕಟ್ಟಿ ಪಾಸಿಂಗಿಗೆ ಒಡ್ಡುತ್ತೇನೆ. ಪಾಸಾದರೆ 2031ರವರೆಗೆ ಕಾಯಿದೆಯ ಅನುಮತಿ ಸಿಕ್ಕಂತೆ. ಆದರೆ ನನ್ನ ಅನುಮತಿ ವರ್ಷಕ್ಕೊಮ್ಮೆ ಮಾತ್ರ. ಜೂನಿನಿಂದ ಸಪ್ಟಂಬರಿನವರೆಗೆ ನಮ್ಮ ಮಳೆಯಲ್ಲಿ ಈ ಗಾಡಿಯನ್ನು ದೂರ ಒಯ್ಯಲಾಗುವುದಿಲ್ಲ. ಆಗಲೂ ವಾರಕ್ಕೊಮ್ಮೆ ಎಬ್ಬಿಸಿ ಓಣಿಯ ಕೊನೆಯವರೆಗಾದರೂ ಸುತ್ತಿಸಬೇಕು. ಮಳೆ ನಿಂತು ದಸರೆ ಬರುತ್ತದೆ. ಆಯುಧಪೂಜೆಯ ದಿನ ಊರಿನಲ್ಲಿ ಎಲ್ಲ ಗಾಡಿಗಳಿಗೂ ಚೆಂಡುಹೂವಿನ ಮಾಲೆ ಬೀಳುತ್ತದೆ. ಓಡದ ಗಾಡಿಗೂ ಬೀಳುತ್ತದೆ. ಪೂಜೆಯ ಅರ್ಥ ಹಾಗಲ್ಲ. ಅಂದು ಪೂಜಿಸುವುದು ಕೆಲಸಕ್ಕೆ ಬರುವ ಆಯುಧವನ್ನು. ಮರುದಿನ ಅದನ್ನು ಕೆಲಸಕ್ಕೆ ಹಚ್ಚಬೇಕು. ಆದ್ದರಿಂದ ವಿಜಯದಶಮಿಯ ದಿನ ಈ ಗಾಡಿ ದಾಂಡೇಲಿಯಿಂದ ಗಣೇಶಗುಡಿಗೆ ಹೋಗಿ ಸೂಪಾ ಅಣೆಕಟ್ಟನ್ನು ನೋಡಿ ತನ್ನ ಕಾಲಿನ ಮೇಲೆ ತಾನೇ ಮರಳಿ ಬರಬೇಕು; ಓಡಿಸುವವನು ನಾನಾಗಿರಬೇಕು; ಅದಕ್ಕೆ ಬೇಕಾದ ಹಣ ಮಗಳ ಹಣವಾಗಿರಬಾರದು. ಈ ಮೂರರಲ್ಲಿ ಒಂದು ತಪ್ಪಿದರೂ ಬನ್ನಿಯ ಜೊತೆಗೆ ಗಾಡಿಯ ಕೀಲಿಕೈಯನ್ನೂ ಹಳಿಯಾಳದ ಹುಡುಗನ ಕೈಗೆ ಇಡುತ್ತೇನೆ. ಮೂರು ಲಕ್ಷ ಕೇಳುವುದಿಲ್ಲ; ಅವನು ಕೊಡಬಲ್ಲಷ್ಟು ಕೊಡಲಿ. ಒಂದೇ ಕರಾರು: ಓಡಿಸಬೇಕು.

ಅಂದು ಸಂಕಟವಾಗುವುದಿಲ್ಲವೇ ಎಂದು ಕೇಳಿದರೆ, ಆಗುತ್ತದೆ. ಖಾಲಿಯಾದ ಅಂಗಳವನ್ನು ನೋಡಿ ನಾಲ್ಕು ದಿನ ಊಟ ರುಚಿಸಲಾರದು. ಆದರೆ ತಾಡಪತ್ರಿ ಸರಿಸಿದಾಗ ಮುಂಡಗೋಡಿನ ಆ ಹಿರಿಯರ ಮುಖ ಹೇಗಾಯಿತೆಂಬುದನ್ನು ನಾನು ನೋಡಿದ್ದೇನೆ. ಆ ಸಂಕಟಕ್ಕೆ ಹೋಲಿಸಿದರೆ ಇದು ತಾಳಬಹುದಾದದ್ದು.

ಪೇಟೆಯ ಮಿತ್ರರಲ್ಲಿ ಒಂದು ವಿನಂತಿ. ಮುಂದಿನ ವಿಜಯದಶಮಿಯ ದಿನ ಗಣೇಶಗುಡಿಯ ದಾರಿಯಲ್ಲಿ ಕೆಂಪು ಗಾಡಿ ಕಾಣಿಸದೆ, ನಮ್ಮ ಮನೆಯ ಮುಂದೆ ತಾಡಪತ್ರಿ ಮಾತ್ರ ಕಂಡರೆ, ಆಗ ‘ಇನ್ನೆಷ್ಟು ದಿನ’ ಎಂದು ಮೆಲ್ಲಗೆ ಕೇಳಬೇಡಿ. “ಸರ, ಇನ್ನೂ ಯಾಕ ಕೊಟ್ಟಿಲ್ಲ?” ಎಂದು ನಾಲ್ಕು ಜನರ ಎದುರಿಗೆ ಕೇಳಿ.